ಎರೆಮಣ್ಣಿನ ಗುಟುಕು

ಬೀದರಿನ ಪಡುವಣಕ್ಕೆ, ಗಡಿಯಾಚೆಯ ಧಾರಾಶಿವ ಜಿಲ್ಲೆಯಲ್ಲಿ ತೇರ್ ಎಂಬ ಊರಿದೆ. ಕ್ರಿ.ಶ. 1ನೇ ಶತಮಾನದ ಗ್ರೀಕ್ ಕೃತಿ ‘ಪೆರಿಪ್ಲಸ್’ ಇದನ್ನು ತಗರ ಎಂದು ಕರೆಯುತ್ತದೆ. ಇಲ್ಲಿನ ಬಟ್ಟೆ ಬಂಡಿಯೇರಿ ಭರೂಚ್ ಬಂದರಿಗೆ ಹೋಗುತ್ತಿತ್ತು. ಆ ಬಂದರಿನಲ್ಲಿ ಇಳಿಯುತ್ತಿದ್ದ ಸರಕಿನ ಪಟ್ಟಿಯಲ್ಲಿ ಮೊದಲು ಬರುವುದೇ ದ್ರಾಕ್ಷಾರಸ. ಅದರಲ್ಲೂ ಇಟಲಿಯದೆಂದರೆ ಅಚ್ಚುಮೆಚ್ಚು. ನೇಪಲ್ಸ್ ಕೊಲ್ಲಿಯ ಸುತ್ತಿನ ಕಪ್ಪು ಜ್ವಾಲಾಮುಖಿ ಮರಳು ಬೆರೆತ ಮಣ್ಣಿನಿಂದ ಮಾಡಿದ ಮದ್ಯದ ಜಾಡಿಗಳ ಚೂರುಗಳು ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ ಸಿಕ್ಕಿವೆ.

ಅಂದು ಜಾಡಿಯೇ ಕಡಲು ದಾಟಿ ಬರುತ್ತಿತ್ತು. ಇಂದು ಕುಡಿಯುವವರೇ ವಿಮಾನ ಹತ್ತಿ ದಕ್ಷಿಣ ಇಟಲಿಯ ತೋಟಗಳಿಗೆ ಹೋಗುತ್ತಾರೆ. ಲೋಟವನ್ನು ಬೆಳಕಿಗೆ ಹಿಡಿದು ಬಣ್ಣ ನೋಡುವುದು, ಮೆಲ್ಲಗೆ ತಿರುಗಿಸಿ ಮೂಸುವುದು, ಒಂದು ಗುಟುಕನ್ನು ಬಾಯೆಲ್ಲ ಆಡಿಸುವುದು, ಬೇಕಾದರೆ ಉಗುಳಿಬಿಡುವುದು. ಕುಡಿಯಲು ಹೋದವರು ಉಗುಳಿ ಬರುವ ಯಾತ್ರೆ ಇದೊಂದೇ ಇರಬೇಕು! ಬಸಿಲಿಕಾತದ ವುಲ್ತುರೆ ಬೆಟ್ಟದಲ್ಲಿ ಆಲ್ಯಾನಿಕೊ ದ್ರಾಕ್ಷಿ, ಸಿಸಿಲಿಯ ಎಟ್ನಾದ ಮೈಮೇಲೆ ನೆರೆಲ್ಲೊ ಮಸ್ಕಲೇಸೆ. ಎರಡೂ ಜ್ವಾಲಾಮುಖಿಯ ಮಣ್ಣಿನ ಮಕ್ಕಳು. ತೋಟ ತೋರಿಸುವವರು ಬಾಟಲಿಗಿಂತ ಮೊದಲು ಈ ಮಣ್ಣಿನ ಕಥೆಯನ್ನೇ ಬಿಚ್ಚುತ್ತಾರೆ. ಕಿವಿಗೆ ಬಿದ್ದ ಮೇಲೆ ನಾಲಿಗೆಗೂ ಅದು ಸಿಗುತ್ತದೆ.

ಈ ಪಾಠವನ್ನು ನಂದಿಬೆಟ್ಟದ ಬುಡದ ತೋಟಗಳೂ ಕಲಿತಿವೆ. ನಮ್ಮಲ್ಲಿ ಇಟಲಿಯ ಚಳಿ ಇಲ್ಲ, ಬಳ್ಳಿ ಎಲೆ ಉದುರಿಸಿ ಮಲಗುವುದಿಲ್ಲ. ಆದ್ದರಿಂದ ಏಪ್ರಿಲ್ ಹೊತ್ತಿಗೊಮ್ಮೆ, ಅಕ್ಟೋಬರ್ ಹೊತ್ತಿಗೊಮ್ಮೆ ಚಾಟ್ನಿ ಮಾಡಿ, ಅಂದರೆ ಕೊಂಬೆ ಕತ್ತರಿಸಿ, ಅದನ್ನು ಪಳಗಿಸಬೇಕು. 2007ರಲ್ಲಿ ರಾಜ್ಯ ಸರ್ಕಾರ ವೈನ್ ನೀತಿಯನ್ನೂ ತಂದಿತು. ಬೆಂಗಳೂರಿನವರು ಈಗ ವಾರದ ಕೊನೆಗೆ ಹೋಗಿ ಮೂಸಿ ಬರುತ್ತಾರೆ.

ಇತ್ತ ಬೀದರ್ ಜಿಲ್ಲೆಯ ಔರಾದ ಸೀಮೆಯ ಡಾಬಕಾ ಕಡೆ ನಾವು ಯಾರ ಟಿಕೇಟೂ ಇಲ್ಲದೆ ಇದನ್ನೇ ಮಾಡುತ್ತ ಬಂದಿದ್ದೇವೆ. ಎಳ್ಳ ಅಮಾವಾಸ್ಯೆಯ ದಿನ ಊರಿಗೆ ಊರೇ ಹೊಲಕ್ಕೆ ನಡೆಯುತ್ತದೆ. ಸಜ್ಜಿ ರೊಟ್ಟಿ, ಹತ್ತೆಂಟು ಕಾಯಿಪಲ್ಲೆ ಕಾಳು ಕೂಡಿದ ಭಜ್ಜಿ, ಜೊತೆಗೆ ಗಡಿಗೆಯಲ್ಲಿ ಅಂಬಲಿ. ಜೋಳದ ಹಿಟ್ಟು, ಮಜ್ಜಿಗೆ, ಒಂದಿಷ್ಟು ಹುಳಿ. ಬೆಳೆದ ಹೊಲದ ಬದುವಿನಲ್ಲೇ ಕೂತು, ಬೆಳೆದವರ ಕೈಯಿಂದಲೇ ಈಸಿಕೊಂಡು ಕುಡಿಯುವುದು. ಹಾದಿಹೋಕರನ್ನೂ ಕೂಗಿ ಕರೆದು ಕೂಡಿಸುತ್ತಾರೆ.

ನಮ್ಮ ಈ ಎರೆಮಣ್ಣೂ ಬೆಂಕಿಯಿಂದ ಹುಟ್ಟಿದ್ದೇ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನಿನ ಮೇಲೆ ಹರಡಿದ ಲಾವಾ ಕಲ್ಲಾಗಿ, ಕಲ್ಲು ಕರಗಿ ಈ ಮಣ್ಣಾಯಿತು. ಎಟ್ನಾ ಇದರ ಮುಂದೆ ನಿನ್ನೆ ಮೊನ್ನೆಯ ಕೂಸು. ಆದರೆ ಅಂಬಲಿ ಸುರಿಯುವಾಗ ಈ ಮಾತು ಯಾರ ಬಾಯಲ್ಲೂ ಬರುವುದಿಲ್ಲ.

ಮಾತು ನಮಗೆ ಬಾರದ್ದೇನಲ್ಲ. ಇದೇ ಜಿಲ್ಲೆಯ ಕಲ್ಯಾಣದಲ್ಲಿ 12ನೇ ಶತಮಾನದಲ್ಲಿ ಹೆಂಡ ಮಾರುವ ಕಾಯಕದ ಮಾರಯ್ಯ ತನ್ನ ಹೆಂಡದ ಮಡಕೆಯನ್ನೇ ವಚನದ ಮಾತಾಗಿಸಿದ. ಇಟಲಿಯವರಿಂದ ನಾವು ತರಬೇಕಾದದ್ದು ಬಳ್ಳಿಯಲ್ಲ, ತಮ್ಮ ಮಣ್ಣಿನ ರುಚಿಯನ್ನು ಬಾಯಿಬಿಟ್ಟು ಹೇಳುವ ಆ ಸಲಿಗೆ. ಮುಂದಿನ ಎಳ್ಳ ಅಮಾವಾಸ್ಯೆಗೆ ಪಟ್ಟಣದಿಂದ ಮೊಮ್ಮಕ್ಕಳು ಬಂದರೆ, ಅಂಬಲಿಯ ಬಟ್ಟಲು ಕೊಡುವ ಮೊದಲು ಅವರ ಅಂಗೈಗೆ ಒಂದು ಹಿಡಿ ಎರೆಮಣ್ಣು ಹಾಕಿ. ಕೇಳುತ್ತಾರೆ, ಆಗ ಹೇಳಿ.