ಕ್ಷಿಪಣಿ ಮಾರಿದ ಮೇಲೆ

2024ರ ಏಪ್ರಿಲ್ 19ರಂದು ನಮ್ಮ ವಾಯುಪಡೆಯ ಸಿ-17 ವಿಮಾನ ಬ್ರಹ್ಮೋಸ್ ಕ್ಷಿಪಣಿಗಳ ಮೊದಲ ಕಂತನ್ನು ಹೊತ್ತು ಫಿಲಿಪ್ಪೀನ್ಸ್‌ನ ಕ್ಲಾರ್ಕ್ ವಾಯುನೆಲೆಗೆ ಹೋಗಿ ಇಳಿಯಿತು. ಸುಮಾರು 37.5 ಕೋಟಿ ಡಾಲರ್‌ಗಳ ವ್ಯವಹಾರ. ಆದರೆ ದುಡ್ಡಿಗಿಂತ ದೊಡ್ಡ ಸಂಗತಿ ಅದಕ್ಕೂ ಮೊದಲೇ ನಡೆದಿತ್ತು. ದಕ್ಷಿಣ ಚೀನಾ ಸಮುದ್ರದ ಕುರಿತು ಫಿಲಿಪ್ಪೀನ್ಸ್ ಹೂಡಿದ್ದ ವ್ಯಾಜ್ಯದಲ್ಲಿ 2016ರಲ್ಲಿ ಹೇಗ್‌ನ ನ್ಯಾಯಮಂಡಳಿ ಚೀನಾದ ವಿರುದ್ಧ ತೀರ್ಪು ಕೊಟ್ಟಾಗ, ಭಾರತ ಅದನ್ನು ‘ಗಮನಿಸಿದ್ದೇವೆ’ ಎಂದಷ್ಟೇ ಹೇಳಿತ್ತು. 2022ರ ಜನವರಿಯಲ್ಲಿ ಬ್ರಹ್ಮೋಸ್ ಒಪ್ಪಂದಕ್ಕೆ ಸಹಿ ಬಿತ್ತು. ಮರುವರ್ಷದ ಜೂನ್‌ನಲ್ಲಿ, ಫಿಲಿಪ್ಪೀನ್ಸ್ ಜೊತೆಗಿನ ಜಂಟಿ ಹೇಳಿಕೆಯಲ್ಲಿ, ಆ ತೀರ್ಪನ್ನು ಪಾಲಿಸಬೇಕೆಂದು ದೆಹಲಿ ನೇರವಾಗಿಯೇ ಕೇಳಿತು. ಒಬ್ಬರ ಕೈಗೆ ಆಯುಧ ಕೊಟ್ಟವರು ಅವರ ಜಗಳದಲ್ಲಿ ಹೊರಗಿನವರಾಗಿ ಉಳಿಯುವುದು ಕಷ್ಟ.

ಕೊಂಡವರ ಪಾಡು ನಮಗೆ ಚೆನ್ನಾಗಿ ಗೊತ್ತು. 1998ರ ಪೋಖ್ರಾನ್ ಪರೀಕ್ಷೆಯ ನಂತರ ಅಮೆರಿಕ ದಿಗ್ಬಂಧನ ಹೇರಿದಾಗ, ಬ್ರಿಟನ್ನಿನಿಂದ ಕೊಂಡಿದ್ದ ನೌಕಾಪಡೆಯ ಸೀ ಕಿಂಗ್ ಹೆಲಿಕಾಪ್ಟರ್‌ಗಳೂ ಬಿಡಿಭಾಗವಿಲ್ಲದೆ ನೆಲ ಕಚ್ಚಿದವು. ಒಳಗಿದ್ದ ಭಾಗಗಳು ಅಮೆರಿಕದವು. ಬೇಡವೆನಿಸಿದ ದಿನ ಬಿಡಿಭಾಗ ನಿಲ್ಲಿಸಬಲ್ಲೆ ಎಂಬುದರಲ್ಲೇ ಮಾರಿದವನ ಬಲವಿದೆ.

ಆ ಬಲ ಬರಬೇಕಾದರೆ ಮೊದಲು ಬಿಡಿಭಾಗ ಹೊತ್ತಿಗೆ ಸರಿಯಾಗಿ ತಲುಪಿಸುವವರಾಗಬೇಕು. ಬೆಂಗಳೂರಿನ ಎಚ್‌ಎಎಲ್ ಈಕ್ವೆಡಾರ್‌ಗೆ ಏಳು ಧ್ರುವ್ ಹೆಲಿಕಾಪ್ಟರ್ ಮಾರಿತ್ತು. ಅವುಗಳಲ್ಲಿ ನಾಲ್ಕು ಅಪಘಾತಕ್ಕೀಡಾದವು. ಮೊದಲನೆಯದು 2009ರಲ್ಲಿ ರಾಜಧಾನಿ ಕೀಟೋದ ಸೇನಾ ಪಥಸಂಚಲನದ ವೇಳೆ, ಜನರ ಕಣ್ಣೆದುರೇ. ಬಿಡಿಭಾಗ ಸರಿಯಾಗಿ ಬರುತ್ತಿಲ್ಲವೆಂದು ದೂರಿ 2015ರಲ್ಲಿ ಆ ದೇಶ ಒಪ್ಪಂದವನ್ನೇ ಕಡಿದುಕೊಂಡಿತು. ಎರಡು ಅಪಘಾತಗಳಿಗೆ ಪೈಲಟ್‌ಗಳ ತಪ್ಪೇ ಕಾರಣ ಎಂಬ ವಾದವಿತ್ತು, ಇರಲಿ. ಕೆಟ್ಟ ಹೆಸರು ಮಾತ್ರ ನಮ್ಮದೇ.

ನಮ್ಮ ರಕ್ಷಣಾ ರಫ್ತು 2013-14ರಲ್ಲಿ 686 ಕೋಟಿ ರೂಪಾಯಿ ಇದ್ದದ್ದು 2024-25ಕ್ಕೆ 23,622 ಕೋಟಿಗೆ ಏರಿದೆ. ಈ ಏರಿಕೆಯನ್ನು ನಾನು ಸ್ವಾಗತಿಸುತ್ತೇನೆ. ಆದರೆ ಯಾರಿಗೆ ಮಾರುತ್ತಿದ್ದೇವೆ? ಮ್ಯಾನ್ಮಾರ್‌ನಲ್ಲಿ ಸೇನೆ 2021ರಲ್ಲಿ ಅಧಿಕಾರ ಕಿತ್ತುಕೊಂಡಿತು. ಆಮೇಲೂ ಭಾರತದಿಂದ ಅಲ್ಲಿಗೆ ಸುಮಾರು 5.1 ಕೋಟಿ ಡಾಲರ್ ಮೌಲ್ಯದ ಶಸ್ತ್ರಾಸ್ತ್ರ ಮತ್ತು ಸಂಬಂಧಿತ ಸಾಮಗ್ರಿ ಹೋಗಿದೆ ಎಂದು ವಿಶ್ವಸಂಸ್ಥೆಯ ವಿಶೇಷ ವರದಿಗಾರ ಟಾಮ್ ಆಂಡ್ರ್ಯೂಸ್ 2023ರ ಮೇ ತಿಂಗಳಲ್ಲಿ ಬರೆದರು. ಆ ಸೇನೆ ತನ್ನದೇ ಹಳ್ಳಿಗಳ ಮೇಲೆ ಬಾಂಬ್ ಹಾಕುತ್ತಿದೆ. ಅಲ್ಲಿಂದ ಓಡಿಬಂದವರಿಗೆ ಆಸರೆ ಕೊಟ್ಟದ್ದು ನಮ್ಮ ಮಿಜೋರಾಂ. ಗಡಿಯ ಭದ್ರತೆಗಾಗಿ ಆ ಸೇನೆಯೊಂದಿಗೆ ಮಾತುಕತೆ ಬೇಕೇಬೇಕು, ಒಪ್ಪುತ್ತೇನೆ. ಅದಕ್ಕೆ ಶಸ್ತ್ರ ಕಳಿಸಬೇಕಿಲ್ಲ. ಅಮೆರಿಕದಲ್ಲಿ ದೊಡ್ಡ ಶಸ್ತ್ರ ಮಾರಾಟವನ್ನು ಸರ್ಕಾರ ಮುಂಚಿತವಾಗಿ ಕಾಂಗ್ರೆಸ್‌ಗೆ ತಿಳಿಸಬೇಕು. ನಮ್ಮ ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯೂ ಅಂಥ ವಿವರ ಕೇಳಿ ಪಡೆಯಲಿ, ಮ್ಯಾನ್ಮಾರ್‌ನಿಂದಲೇ ಶುರುಮಾಡಿ.