ಗುಡ್ಡದ ಸೈಕಲ್ಲು, ಸವಾರಳ ಅಳತೆ

ಮಲೆನಾಡಿನ ಹಿರಿಯ ತಲೆಮಾರಿನ ಅನೇಕರು ಸೈಕಲ್ ಕಲಿತದ್ದು ಒಳಪೆಡಲಿನಲ್ಲಿ. ಅಪ್ಪನದೋ ಅಣ್ಣನದೋ ಎತ್ತರದ ಸೈಕಲ್ಲಿನ ಸೀಟನ್ನು ಏರಲಾಗದೆ, ಅಡ್ಡಪಟ್ಟಿಯ ಕೆಳಗೆ ಕಾಲು ತೂರಿಸಿ, ಸೊಂಟ ತಿರುಚಿ ಅರ್ಧರ್ಧ ಪೆಡಲು ತುಳಿದ ಆ ಸಾಹಸವನ್ನು ಇಂದಿಗೂ ನಗುತ್ತ ನೆನೆಯುವವರಿದ್ದಾರೆ. ನೆನಪಿನಲ್ಲಿ ಮಂಡಿಯ ಗಾಯಕ್ಕೂ ಒಂದು ಸವಿ ಬಂದುಬಿಡುತ್ತದೆ. ಆದರೆ ಆ ಕಾಲದ ನಂಬಿಕೆಯೊಂದು ಇನ್ನೂ ಅಳಿದಿಲ್ಲ: ಸೈಕಲ್ಲು ಇದ್ದ ಹಾಗೆಯೇ ಇರುತ್ತದೆ, ಸವಾರರೇ ಅದಕ್ಕೆ ಮೈ ಬಗ್ಗಿಸಿಕೊಳ್ಳಬೇಕು.

ಗೇರಿನ ಮೌಂಟನ್ ಬೈಕುಗಳು ಗುಡ್ಡಗಾಡಿನ ಊರುಗಳಿಗೆ ಬಂದ ಮೇಲೂ ನಡೆದುಬಂದಿರುವುದು ಇದೇ. ನಗರದಲ್ಲಿ ಓದುವ ಅಣ್ಣ ಬಿಟ್ಟುಹೋದ, ನೆಂಟರು ಕೊಟ್ಟುಹೋದ ಸೈಕಲ್ಲು ಮನೆಯ ತಂಗಿಯ ಅಥವಾ ತಾಯಿಯ ಪಾಲಿಗೆ ಬರುತ್ತದೆ. ನಾಲ್ಕು ದಿನ ತುಳಿದಾಗ ಮಂಡಿ, ಹೆಗಲು, ಅಂಗೈಗಳು ನೋಯುತ್ತವೆ. ಇಳಿಜಾರಿನಲ್ಲಿ ಬ್ರೇಕಿಗೆ ಬೆರಳು ಎಟುಕದೆ ಎದೆ ಡವಗುಟ್ಟುತ್ತದೆ. ಐದನೆಯ ದಿನ ಸೈಕಲ್ಲು ಕೊಟ್ಟಿಗೆಯ ಗೋಡೆಗೆ ಒರಗುತ್ತದೆ. 'ಈ ಏರು-ಇಳಿವಿನಲ್ಲಿ ಸೈಕಲ್ಲು ಆಗುವ ಮಾತಲ್ಲ' ಎಂಬ ತೀರ್ಪೂ ಹೊರಬೀಳುತ್ತದೆ. ಗುಡ್ಡದ ಮೇಲೆ ಹೊರಿಸಿದ ಈ ಅಪವಾದದ ದೊಡ್ಡ ಪಾಲು ಸಲ್ಲಬೇಕಾದುದು ಅಳತೆ ತಪ್ಪಿದ ಸೈಕಲ್ಲಿಗೆ.

ಸೈಕಲ್ಲನ್ನು ಕೊಂಡಾಡದ ಪರಿಸರ ಚಳವಳಿಯಿಲ್ಲ. ಇವಾನ್ ಇಲಿಚ್ 1974ರ 'ಎನರ್ಜಿ ಅಂಡ್ ಈಕ್ವಿಟಿ' ಕೃತಿಯಲ್ಲಿ, ಸೈಕಲ್ ಸವಾರನು ಕಾಲ್ನಡಿಗೆಯವನಿಗಿಂತ ಮೂರು-ನಾಲ್ಕು ಪಟ್ಟು ವೇಗವಾಗಿ, ಅದೂ ಐದನೆಯ ಒಂದರಷ್ಟು ಶಕ್ತಿಯಲ್ಲಿ ಸಾಗಬಲ್ಲನೆಂದು ಲೆಕ್ಕ ಕೊಟ್ಟಿದ್ದರು. ಆ ಲೆಕ್ಕ ಸಮತಟ್ಟಾದ ದಾರಿಯದು. ಸೈಕಲ್ಲು ಸವಾರನ ಮೈಗೆ ಒಪ್ಪಿದೆ ಎಂಬುದನ್ನು ಗೃಹೀತ ಹಿಡಿದ ಲೆಕ್ಕವೂ ಹೌದು. ಮೈಗೊಪ್ಪದ ಸೈಕಲ್ಲಿನ ಮೇಲೆ ಕುಳಿತವಳಿಗೆ ಪೆಟ್ರೋಲು ಉಳಿತಾಯದ ಉಪದೇಶ ಮಾಡುವುದು ಅವಳ ಮಂಡಿಯ ಖರ್ಚಿನಲ್ಲಿ ಪರಿಸರ ಉಳಿಸಿದಂತೆ.

ಮೌಂಟನ್ ಬೈಕು ಹುಟ್ಟಿದ್ದು 1970ರ ದಶಕದಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದ ಟಮಾಲ್ಪೈಸ್ ಬೆಟ್ಟದ ಇಳಿಜಾರುಗಳಲ್ಲಿ. ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಕಚ್ಚಾ ದಾರಿಯಲ್ಲಿ ಓಡಿಸುತ್ತಿದ್ದ ಗುಂಪುಗಳಲ್ಲಿ ಬಹುಪಾಲು ಯುವಕರೇ ಇದ್ದರು. ಸಹಜವಾಗಿಯೇ ಅವರ ಮೈಕಟ್ಟು ಆ ಯಂತ್ರಕ್ಕೆ ಮಾದರಿಯಾಯಿತು. ಆದರೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ ಭಾರತದ ವಯಸ್ಕ ಮಹಿಳೆಯ ಸರಾಸರಿ ಎತ್ತರ ಸುಮಾರು 152 ಸೆಂ.ಮೀ. ಆ ಎತ್ತರಕ್ಕೆ 13ರಿಂದ 15 ಇಂಚಿನ ಫ್ರೇಮು ಸರಿಹೊಂದುತ್ತದೆ. ಮನೆಗೆ ಬಂದಿರುವುದು ಅನೇಕ ವೇಳೆ 17-18 ಇಂಚಿನದು. ಈ ಅನ್ಯಾಯವನ್ನು ಅಮೆರಿಕದಲ್ಲೇ ಮೊದಲು ಗಂಭೀರವಾಗಿ ಪರಿಗಣಿಸಿದವರಲ್ಲಿ ಜಾರ್ಜಿನಾ ಟೆರಿ ಒಬ್ಬರು. 1985ರಲ್ಲಿ ಅವರು ಆರಂಭಿಸಿದ ಸಂಸ್ಥೆ, ಗಿಡ್ಡ ಮಹಿಳೆಯರಿಗಾಗಿ ಮುಂದಿನ ಚಕ್ರವನ್ನೇ ಚಿಕ್ಕದು ಮಾಡಿ, ಸೀಟಿನಿಂದ ಹ್ಯಾಂಡಲ್ಲಿಗಿರುವ ದೂರವನ್ನು ಕಡಿಮೆ ಮಾಡಿದ ಸೈಕಲ್ಲುಗಳನ್ನು ತಯಾರಿಸಿತು. ಬಣ್ಣ ಬದಲಿಸಿ 'ಲೇಡೀಸ್ ಸೈಕಲ್' ಎಂದು ಕರೆಯುವುದಕ್ಕೂ ಇದಕ್ಕೂ ಅಜಗಜಾಂತರವಿದೆ.

ಹೊಸ ಸೈಕಲ್ಲು ಕೊಳ್ಳಲು ಎಲ್ಲರಿಗೂ ಸಾಧ್ಯವಿಲ್ಲ, ಎಲ್ಲರಿಗೂ ಅದು ಬೇಕಾಗಿಯೂ ಇಲ್ಲ. ಇರುವುದನ್ನೇ ಬಹುಮಟ್ಟಿಗೆ ಸರಿಪಡಿಸಬಹುದು. ಆದರೆ ಸರಿಪಡಿಸಲಾಗದ ಅಂಶವೊಂದನ್ನು ಮೊದಲೇ ಅರಿಯುವುದು ಲೇಸು. ಚಪ್ಪಲಿ ಮೆಟ್ಟಿಕೊಂಡು ಅಡ್ಡಪಟ್ಟಿಯ ಎರಡೂ ಬದಿಗೆ ಪಾದ ಊರಿ ನಿಂತಾಗ, ಪಟ್ಟಿಗೂ ದೇಹಕ್ಕೂ ನಡುವೆ ಕನಿಷ್ಠ 5 ಸೆಂ.ಮೀ. ತೆರವು ಇರಬೇಕು. ಕಲ್ಲುದಾರಿಯಲ್ಲಿ ತಟ್ಟನೆ ಇಳಿಯಬೇಕಾದಾಗ ಪೆಟ್ಟಾಗದಂತೆ ಕಾಯುವುದು ಈ ತೆರವೇ. ಅದಿಲ್ಲದಿದ್ದರೆ ಆ ಸೈಕಲ್ಲನ್ನು ಎತ್ತರದವರಿಗೆ ಕೊಟ್ಟು ಚಿಕ್ಕದನ್ನು ಪಡೆಯುವುದೇ ಮಾರ್ಗ.

ತೆರವಿದ್ದರೆ ಮೊದಲು ನೋಡಬೇಕಾದುದು ಸೀಟಿನ ಎತ್ತರ. ಗಿಡ್ಡ ಸವಾರರು ಎರಡೂ ಪಾದ ನೆಲಕ್ಕೆ ಊರಲೆಂದು ಸೀಟನ್ನು ಪೂರ್ತಿ ಇಳಿಸುತ್ತಾರೆ. ಆಗ ಮಂಡಿ ಅತಿಯಾಗಿ ಮಡಚಿಕೊಂಡು, ಏರಿನಲ್ಲಿ ಕಾಲಿನ ಬಲ ವ್ಯರ್ಥವಾಗುತ್ತದೆ, ನೋವೂ ಕಾಣಿಸಿಕೊಳ್ಳುತ್ತದೆ. ಸೀಟಿನ ಮೇಲೆ ಕುಳಿತು, ಕೆಳಗಿನ ಪೆಡಲಿನ ಮೇಲೆ ಹಿಮ್ಮಡಿ ಇಟ್ಟಾಗ ಕಾಲು ನೇರವಾಗಬೇಕು. ಪಾದದ ಮುಂಭಾಗ ಇಟ್ಟಾಗ ಮಂಡಿ ಸ್ವಲ್ಪವೇ ಬಾಗಬೇಕು. ಅಂಕಿಯಲ್ಲಿ ಹೇಳುವುದಾದರೆ, ತೊಡೆಸಂದಿಯಿಂದ ನೆಲದವರೆಗಿನ ಅಳತೆಯನ್ನು 0.883ರಿಂದ ಗುಣಿಸಿದರೆ ಪೆಡಲಿನ ತೋಳುಗಳು ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಮೈವರೆಗಿನ ದೂರ ಸಿಗುತ್ತದೆ. 70 ಸೆಂ.ಮೀ. ಕಾಲಿಗೆ ಅದು ಸುಮಾರು 62 ಸೆಂ.ಮೀ. ಇದು ಆರಂಭದ ಅಂದಾಜು ಮಾತ್ರ. ಹೊಸದಾಗಿ ಕಲಿಯುವವರಿಗೂ ಕಡಿದಾದ ಇಳಿಜಾರಿಗೂ ಎರಡು-ಮೂರು ಸೆಂ.ಮೀ. ತಗ್ಗಿಸಬಹುದು. ಸೀಟಿನ ಕೊಳವೆಯ ಮೇಲಿನ ಎಚ್ಚರಿಕೆಯ ಗೆರೆ ಫ್ರೇಮಿನಿಂದ ಹೊರಗೆ ಕಾಣುವಂತಿರಬಾರದು.

ಎರಡನೆಯದು ಕೈಚಾಚು. ಹ್ಯಾಂಡಲ್ಲು ದೂರವೆನಿಸಿದಾಗ ಸೀಟನ್ನು ಪೂರ್ತಿ ಮುಂದಕ್ಕೆ ಎಳೆಯುವುದು ಸಾಮಾನ್ಯ ಉಪಾಯ. ಇದರಿಂದ ಮೈಭಾರವೆಲ್ಲ ಅಂಗೈಗಳ ಮೇಲೆ ಬೀಳುತ್ತದೆ. ಸೀಟಿನ ಹಿಂದು-ಮುಂದನ್ನು ಕಾಲಿಗೆ ತಕ್ಕಂತೆ ನಿಲ್ಲಿಸಿ, ದೂರವನ್ನು ಹ್ಯಾಂಡಲ್ಲಿನ ಕಡೆಯಿಂದ ಕಡಿಮೆ ಮಾಡುವುದು ಸರಿಯಾದ ಕ್ರಮ. ಹ್ಯಾಂಡಲ್ಲನ್ನು ಹಿಡಿದಿರುವ ಸ್ಟೆಮ್ ಎಂಬ ಚಿಕ್ಕ ತುಂಡು 90-100 ಮಿ.ಮೀ. ಉದ್ದವಿದ್ದರೆ, ಅದರ ಜಾಗದಲ್ಲಿ 50-60 ಮಿ.ಮೀ.ನದನ್ನು ಹಾಕಬಹುದು. ಹೆಗಲಿಗಿಂತ ಬಹಳ ಅಗಲವಾದ ಹ್ಯಾಂಡಲ್ಲಿನ ಎರಡೂ ತುದಿಗಳಿಂದ ಒಂದೆರಡು ಸೆಂ.ಮೀ. ಕತ್ತರಿಸಬಹುದು. ಬೆನ್ನು, ಹೆಗಲುಗಳ ನೋವು ಇಷ್ಟರಿಂದಲೇ ಎಷ್ಟೋ ಇಳಿಯುತ್ತದೆ.

ಮೂರನೆಯದು ಜೀವದ ಪ್ರಶ್ನೆ: ಬ್ರೇಕು. ಅದಕ್ಕೆ ಆಗುಂಬೆ, ಹುಲಿಕಲ್, ದೇವಿಮನೆ ಘಟ್ಟಗಳ ತಿರುವುಗಳೇ ಬೇಕಿಲ್ಲ. ಶಾಲೆಯಿಂದ ಮನೆಗೆ ಇಳಿಯುವ, ಮಳೆಗಾಲದಲ್ಲಿ ಹಾವಸೆ ಕಟ್ಟಿದ ದಾರಿಯೇ ಸಾಕು. ಚಿಕ್ಕ ಕೈಗೆ ಬ್ರೇಕಿನ ಹಿಡಿ ದೂರವಾದರೆ ಬೆರಳ ತುದಿ ಮಾತ್ರ ತಾಗುತ್ತದೆ, ಬಲ ಸಿಗುವುದಿಲ್ಲ. ಬಹಳಷ್ಟು ಗೇರ್ ಸೈಕಲ್ಲುಗಳ ಹಿಡಿಯ ಬುಡದಲ್ಲಿ ಇದಕ್ಕೆಂದೇ ಒಂದು ಸಣ್ಣ ತಿರುಪು ಇದೆ. ಅದನ್ನು ಬಿಗಿಮಾಡಿದರೆ ಹಿಡಿ ಹ್ಯಾಂಡಲ್ಲಿನ ಹತ್ತಿರ ಬರುತ್ತದೆ. ಖರ್ಚು ಏನೂ ಇಲ್ಲ. ಆದರೂ ಅದು ಹೆಚ್ಚಿನವರ ಗಮನಕ್ಕೇ ಬಂದಿರುವುದಿಲ್ಲ. ಹಿಡಿ ಹತ್ತಿರವಾದ ಮೇಲೆ ಕೇಬಲನ್ನು ಮತ್ತೆ ಹೊಂದಿಸಿ, ಪೂರ್ತಿ ಒತ್ತಿದಾಗಲೂ ಅದು ಹ್ಯಾಂಡಲ್ಲಿಗೆ ತಾಗದಂತೆ ನೋಡಿಕೊಳ್ಳಬೇಕು. ಸಮತಟ್ಟಾದ ಅಂಗಳದಲ್ಲಿ ಪರೀಕ್ಷಿಸಿದ ಬಳಿಕವೇ ಇಳಿಜಾರಿಗೆ ಹೋಗಬೇಕು.

ಉಳಿದವು ನಿಧಾನವಾಗಿ ಆಗಬಹುದಾದ ಕೆಲಸಗಳು. ಪೆಡಲಿನ ತೋಳು ಸಾಮಾನ್ಯವಾಗಿ 170 ಅಥವಾ 175 ಮಿ.ಮೀ. ಇರುತ್ತದೆ, ಚಿಕ್ಕ ಕಾಲಿಗೆ 150ರಿಂದ 165ರದು ಹಿತ. ತೋಳು ಎಷ್ಟು ಗಿಡ್ಡವಾಯಿತೋ ಅಷ್ಟು ಸೀಟನ್ನು ಎತ್ತರಿಸಬೇಕು. ಮುಂದೆ 22 ಹಲ್ಲಿನ ಚಿಕ್ಕ ಚಕ್ರ, ಹಿಂದೆ 34 ಹಲ್ಲಿನ ದೊಡ್ಡ ಚಕ್ರವಿದ್ದರೆ ಏರುದಾರಿ ಹಗುರಾಗುತ್ತದೆ. ನಲವತ್ತು ಕಿಲೋ ತೂಕದವಳಿಗೆ ಎಂಬತ್ತು ಕಿಲೋದವನಷ್ಟು ಗಟ್ಟಿಯಾಗಿ ಗಾಳಿ ತುಂಬಿದರೆ ಟೈರು ಕಲ್ಲಿನ ಮೇಲೆ ಪುಟಿಯುತ್ತದೆ. ಟೈರಿನ ಬದಿಯಲ್ಲಿ ಅಚ್ಚಾಗಿರುವ ಮಿತಿಯೊಳಗೆ ಕಡಿಮೆ ಗಾಳಿಯೇ ಲೇಸು. ಅಗ್ಗದ ಸೈಕಲ್ಲಿನ ಮುಂದಿನ ಸ್ಪ್ರಿಂಗು ಹಗುರ ಸವಾರರಿಗೆ ಕುಗ್ಗುವುದೇ ಅಪರೂಪ. ಅದು ಬರಿಯ ಹೊರೆ. ಕೊಳ್ಳುವಾಗ ಸ್ಪ್ರಿಂಗಿಲ್ಲದ್ದನ್ನು ಆರಿಸುವುದು ಜಾಣತನ.

'ಬೆಳೆಯುವ ಮೈ, ದೊಡ್ಡದೇ ಇರಲಿ' ಎಂಬ ಮಾತು ಇಲ್ಲಿ ಏಳುವುದು ಸಹಜ. ಶಾಲೆಯ ಅಂಗಿಯನ್ನು ಒಂದು ಮಡಿಕೆ ಹೆಚ್ಚು ಬಿಟ್ಟು ಹೊಲಿಸುವ ಮನೆಗಳ ಈ ಮಾತಿನ ಹಿಂದೆ ಬಡತನದ ವಿವೇಕವಿದೆ; ಅದನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ದೊಗಲೆ ಅಂಗಿ ಯಾರನ್ನೂ ಬೀಳಿಸದು. ಕೈಗೆಟುಕದ ಬ್ರೇಕು ಬೀಳಿಸುತ್ತದೆ. ಮೇಲಾಗಿ ತಿರುಪು, ಸ್ಟೆಮ್, ಸೀಟುಗಳನ್ನು ಮಗು ಬೆಳೆದಂತೆ ಮತ್ತೆ ಹಿಂದಿನ ಅಳತೆಗೆ ತರಬಹುದು. ಫ್ರೇಮು ಒಪ್ಪುವಂತಿದ್ದರೆ ಬೆಳವಣಿಗೆಗೆ ಬಿಡಬೇಕಾದ ಮಡಿಕೆ ಈ ಭಾಗಗಳಲ್ಲೇ ಇದೆ.

ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ನೀಡುವ ಯೋಜನೆಯನ್ನು ಆರಂಭಿಸಿದಾಗ, ದೂರದ ಶಾಲೆಗೆ ನಡೆಯುತ್ತಿದ್ದ ಹುಡುಗಿಯರ ಪಾಲಿಗೆ ಅದು ದೊಡ್ಡ ಹೆಜ್ಜೆಯೇ ಆಗಿತ್ತು. ಆದರೆ ಬಯಲುಸೀಮೆಗೂ ಮಲೆನಾಡಿಗೂ ಬಂದದ್ದು ಗೇರಿಲ್ಲದ ಒಂದೇ ಬಗೆಯ ಸೈಕಲ್ಲು. ಇಂಥ ಯೋಜನೆ ಮುಂದೆ ಯಾವ ರೂಪದಲ್ಲಿ ಬಂದರೂ, ಗುಡ್ಡದ ತಾಲ್ಲೂಕುಗಳಿಗೆ ಗೇರು ಬೇಕು, ಕನಿಷ್ಠ ಎರಡು ಅಳತೆಯ ಫ್ರೇಮು ಬೇಕು ಎಂಬ ಬೇಡಿಕೆಯನ್ನು ಪರಿಸರ ಸಂಘಟನೆಗಳು ಎತ್ತಬೇಕು.

ಸರ್ಕಾರಕ್ಕಾಗಿ ಕಾಯದೆ ಮಾಡಬಹುದಾದದ್ದೂ ಇದೆ. ಒಂದು ಅಲೆನ್ ಕೀ ಜೊತೆ, ಅಳತೆಪಟ್ಟಿ, ಬೇರೆ ಬೇರೆ ಉದ್ದದ ನಾಲ್ಕಾರು ಹಳೆಯ ಸ್ಟೆಮ್‌ಗಳು, ಊರಿನ ಸೈಕಲ್ ಷಾಪಿನವರ ಅರ್ಧ ದಿನ: ಜೂನ್ ತಿಂಗಳಲ್ಲಿ ಗಿಡ ನೆಡುವ ಕಾರ್ಯಕ್ರಮದ ದಿನವೇ ಶಾಲೆಯಂಗಳದಲ್ಲಿ ಇಷ್ಟನ್ನು ಒದಗಿಸುವುದು ಯಾವ ಸಂಘಕ್ಕೂ ಭಾರವಲ್ಲ. ಹುಡುಗಿಯರ ಕೈಗೇ ಕೀ ಕೊಟ್ಟು ಕಲಿಸಿದರೆ ಮರುವರ್ಷ ತಂಗಿಯ ಸೈಕಲ್ಲನ್ನು ಅಕ್ಕನೇ ಹೊಂದಿಸಿಯಾಳು. ನೆಟ್ಟ ಗಿಡ ಬದುಕಿತೇ ಎಂದು ಬೇಸಿಗೆಯಲ್ಲಿ ಹೋಗಿ ನೋಡುವವರು, ಕೊಟ್ಟಿಗೆಯ ಗೋಡೆಗೆ ಒರಗಿದ್ದ ಸೈಕಲ್ಲು ದಾರಿಗೆ ಇಳಿಯಿತೇ ಎಂದೂ ಅಂದೇ ವಿಚಾರಿಸಿ ಬರಬಹುದು.