ಮನೆ ಬಿಡು ಅನ್ನುವುದಕ್ಕೂ ಇಂಗ್ಲಿಷೇ ಬೇಕೆ?



ನಮ್ಮ ಬೀದಿಯಲ್ಲಿ ಯಾರ ಮನೆಗೆ ಯಾವ ಕಾಗದ ಬಂದರೂ ಅದನ್ನು ಮೊದಲು ನನ್ನ ಪ್ರೆಸ್ಸಿಗೆ ತರುತ್ತಾರೆ. ಅಚ್ಚು ಹಾಕುವವನಿಗೆ ಎಲ್ಲ ಭಾಷೆಯೂ ಬರುತ್ತದೆ ಎಂದು ಜನ ನಂಬಿದ್ದಾರೆ! ನಾನು ಓದಿರುವುದು ಪಿಯುಸಿ. ನನ್ನ ಇಂಗ್ಲಿಷು ಮದುವೆ ಕಾರ್ಡು, ವಿಸಿಟಿಂಗ್ ಕಾರ್ಡು ದಾಟಿ ಮುಂದೆ ಹೋಗಿಲ್ಲ.

ಹೋದ ವರ್ಷ ಮಳೆಗಾಲದ ಒಂದು ಸಂಜೆ ಒಬ್ಬ ಹುಡುಗ ಉದ್ದನೆಯ ಲಕೋಟೆ ಹಿಡಿದು ಬಂದ. ಪ್ರೆಸ್ಸಿನ ಹಿಂದಿರುವ ನನ್ನ ಎರಡು ಕೋಣೆಯ ಮನೆಯಲ್ಲಿ ಬಾಡಿಗೆಗಿದ್ದವನು. ಟೆಂಪೋ ಓಡಿಸುತ್ತಾನೆ, ಹೆಂಡತಿ, ಒಂದು ಮಗು. "ಅಣ್ಣಾ, ಯಾವುದೋ ಇಂಗ್ಲಿಷ್ ಕಾಗದ ಬಂದಿದೆ. ಗಾಡಿ ಲೋನಿಂದೋ ಏನೋ. ಸ್ವಲ್ಪ ಓದಿ ಹೇಳ್ತೀರಾ?" ಅಂದ.

ಅದು ನಾನೇ ಕಳಿಸಿದ್ದ ನೋಟೀಸು!

ಐದು ತಿಂಗಳ ಬಾಡಿಗೆ ನಿಂತಿತ್ತು. ತಿಂಗಳಿಗೆ 7,500ರಂತೆ 37,500 ರೂಪಾಯಿ. ಕೇಳಿ ಕೇಳಿ ಸಾಕಾಗಿ ವಕೀಲರ ಹತ್ತಿರ ಹೋಗಿದ್ದೆ. (ಪ್ರೆಸ್ಸಿನ ಮಾಲೀಕ ಅಂದರೆ ನೋಟು ಅಚ್ಚು ಹಾಕುವವನಲ್ಲ. ಪೇಪರ್ ಅಂಗಡಿಯವನು ನನ್ನ ಬಾಗಿಲಿಗೂ ಬಂದು ನಿಲ್ಲುತ್ತಾನೆ.) ಅವರ ಗುಮಾಸ್ತ ಕಂಪ್ಯೂಟರಿನಲ್ಲಿದ್ದ ಹಳೇ ನೋಟೀಸಿನ ಹೆಸರು, ಮೊತ್ತ ಬದಲಾಯಿಸಿ ಮೂರು ಪುಟ ತೆಗೆದ. ವಕೀಲರು ಸಹಿ ಹಾಕಿದರು, ನಾನು ಫೀಸು ಕೊಟ್ಟೆ. ಕಳಿಸಿದವನಿಗೂ ಅರ್ಥವಾಗಲಿಲ್ಲ, ಪಡೆದವನಿಗೂ ಅರ್ಥವಾಗಲಿಲ್ಲ. ಇಬ್ಬರೂ ಕನ್ನಡಿಗರು, ಮಧ್ಯೆ ನಿಂತ ವಕೀಲರೂ ಕನ್ನಡಿಗರು. ಇದು ಯಾರಿಗಾಗಿ ಬರೆದ ಕಾಗದ ಸ್ವಾಮಿ?

ಮರುದಿನ ವಕೀಲರನ್ನು ಕೇಳಿದೆ: ಕನ್ನಡದಲ್ಲಿ ಬರೆದುಕೊಡಿ. "ಕನ್ನಡದಲ್ಲಿ ಕೊಟ್ಟರೆ ಯಾರೂ ಹೆದರಲ್ಲ ಕಣ್ರೀ" ಅಂದರು. ಇರುವ ರೋಗ ಇದೇ! ನೋಟೀಸು ಇರುವುದು ಹೆದರಿಸುವುದಕ್ಕಲ್ಲ, ತಿಳಿಸುವುದಕ್ಕೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮು ನೋಟೀಸು ಬರಹದಲ್ಲಿರಬೇಕು, ಕೊಡುವವನ ಅಥವಾ ಅವನ ಪರವಾಗಿರುವವನ ಸಹಿ ಇರಬೇಕು ಅನ್ನುತ್ತದೆ. ಅಂಚೆಯಲ್ಲಿ ಕಳಿಸಬಹುದು, ಕೈಗೇ ಕೊಡಬಹುದು, ಮನೆಯಲ್ಲಿ ಅವನ ಕಡೆಯವರಿಗೆ ಕೊಡಬಹುದು, ಯಾವುದೂ ಆಗದಿದ್ದರೆ ಆ ಮನೆಯ ಮೇಲೆ ಎದ್ದುಕಾಣುವ ಕಡೆ ಅಂಟಿಸಬಹುದು. ಇಂಗ್ಲಿಷಿನಲ್ಲಿರಬೇಕು ಎಂದು ಅದರಲ್ಲಿ ಎಲ್ಲಿದೆ? ಬ್ರಿಟಿಷರು ಬರೆದ ಕಾಯ್ದೆಯೇ ಕೇಳದ ಇಂಗ್ಲಿಷನ್ನು ನಮ್ಮವರು ತಾವಾಗಿ ಹೊತ್ತು ತಿರುಗುತ್ತಿದ್ದಾರೆ. ಈ ರಾಜ್ಯದ ಆಡಳಿತ ಭಾಷೆಗೆ ಕಾಯ್ದೆಯಾದದ್ದು 1963ರಲ್ಲಿ!

ಹಟ ಹಿಡಿದು ಕೂತೆ. ಮೊದಲಿನದನ್ನು ಹಿಂದಕ್ಕೆ ಪಡೆದು ಕನ್ನಡದಲ್ಲಿ ಹೊಸ ನೋಟೀಸು ಆಯಿತು. ಮೂರು ಪುಟದ್ದು ಒಂದೇ ಪುಟಕ್ಕೆ ಇಳಿಯಿತು. ಯಾವ ಮನೆ, ಯಾವ ಯಾವ ತಿಂಗಳ ಬಾಕಿ, ಒಟ್ಟು ಎಷ್ಟು, ಅಡ್ವಾನ್ಸ್ ಎಷ್ಟಿದೆ, ನೋಟೀಸು ಕೈಸೇರಿದ 15 ದಿನಕ್ಕೆ ಬಾಡಿಗೆ ಕರಾರು ಮುಗಿಯುತ್ತದೆ, ಅಷ್ಟರೊಳಗೆ ಬಾಕಿ ಕಟ್ಟಿ ಮನೆ ಬಿಡಬೇಕು, ಇಲ್ಲದಿದ್ದರೆ ದಾವೆ. ಅಷ್ಟೇ.

ಹುಡುಗ ಅದನ್ನು ಪ್ರೆಸ್ಸಿನ ಟ್ಯೂಬ್‌ಲೈಟಿನ ಕೆಳಗೆ ನಿಂತು ತಾನೇ ಓದಿದ. ಬೆರಳು ಒಂದು ಸಾಲಿನ ಮೇಲೆ ನಿಂತಿತು. "ಅಣ್ಣಾ, ಇದು ತಪ್ಪು. ಈ ತಿಂಗಳದ್ದರಲ್ಲಿ ಎರಡು ಸಾವಿರ ಕೊಟ್ಟಿದ್ದೆನಲ್ಲ, ಬೈಂಡಿಂಗ್ ನಡೀತಿದ್ದಾಗ?" ನನಗೆ ನೆನಪಿಲ್ಲ. ಪುಸ್ತಕ ತೆಗೆದೆ. ಬಾಡಿಗೆ ಪುಟದಲ್ಲಿ ಇಲ್ಲ, ಬೈಂಡಿಂಗ್ ಕೂಲಿಯ ಪುಟದಲ್ಲಿ ನನ್ನದೇ ಕೈಬರಹದಲ್ಲಿ ಇತ್ತು! ಬಾಕಿ 35,500 ಆಯಿತು. ಮೂರು ಪುಟದ ಇಂಗ್ಲಿಷಿನಲ್ಲಿ ಆ ಎರಡು ಸಾವಿರ ಹಾಗೇ ಹೂತುಹೋಗುತ್ತಿತ್ತು. ಕೋರ್ಟಿನಲ್ಲಿ ನಾನು ಸುಳ್ಳುಗಾರ ಆಗುತ್ತಿದ್ದೆ, ಇಲ್ಲವೇ ಅವನು ಮೋಸ ಹೋಗುತ್ತಿದ್ದ.

ನಿಮ್ಮಲ್ಲಿ ಬಹಳ ಮಂದಿ ಬಾಡಿಗೆ ಮನೆಯಲ್ಲಿ ಇದ್ದೀರಿ. ಆದ್ದರಿಂದ ಇನ್ನೆರಡು ಮಾತು. 1999ರ ಬಾಡಿಗೆ ಕಾಯ್ದೆ ತನ್ನೊಳಗೆ ಬರುವ ಮನೆಯವನಿಗೆ ಬಾಕಿ ತೀರಿಸಲು ನೋಟೀಸಿನಿಂದ ಎರಡು ತಿಂಗಳು ಕೊಟ್ಟಿತು. ಆದರೆ ಬೆಂಗಳೂರಿನಂಥ ನಗರದಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಮನೆಗಳನ್ನು ಅದೇ ಕಾಯ್ದೆ ಹೊರಗಿಟ್ಟಿತು. ಇವತ್ತು ಆ ದುಡ್ಡಿಗೆ ಸ್ಕೂಟರ್ ನಿಲ್ಲಿಸುವ ಜಾಗವಾದರೂ ಸಿಗುತ್ತದೆಯೇ? ಹಾಗಾಗಿ ನಮ್ಮಂಥವರ ಮನೆಗಳಿಗೆಲ್ಲ ಆ ಹಳೇ ಕಾಯ್ದೆಯ 15 ದಿನವೇ ಗತಿ, ಕರಾರಿನಲ್ಲಿ ಬೇರೆ ಬರೆದಿದ್ದರೆ ಅದು. ಎಣಿಕೆ ನೋಟೀಸು ಕೈಸೇರಿದ ದಿನದಿಂದ. ಆ 15 ದಿನದಲ್ಲಿ ನಾಲ್ಕು ದಿನ ಓದುವವರನ್ನು ಹುಡುಕಿಕೊಂಡು ಅಲೆಯುವುದಕ್ಕೇ ಹೋದರೆ ಉಳಿಯುವುದೆಷ್ಟು?

ಅಂಚೆಯವನು ತಂದ ನೋಟೀಸನ್ನು ಬೇಡವೆಂದು ವಾಪಸು ಕಳಿಸಿ ಜಾಣರಾದೆವು ಎಂದುಕೊಳ್ಳಬೇಡಿ. ನಿರಾಕರಿಸಿದರೂ ತಲುಪಿದ ಹಾಗೇ ಎಂದು ಕೋರ್ಟು ಎಣಿಸುತ್ತದೆ. ಓನರುಗಳಿಗೂ ಒಂದು ಮಾತು: 2025ರ ಸೆಪ್ಟೆಂಬರಿನಲ್ಲಿ ಅಂಚೆ ಇಲಾಖೆ ರಿಜಿಸ್ಟರ್ ಪೋಸ್ಟನ್ನು ಸ್ಪೀಡ್ ಪೋಸ್ಟಿನೊಳಕ್ಕೆ ಸೇರಿಸಿಬಿಟ್ಟಿತು. ಸ್ಪೀಡ್ ಪೋಸ್ಟಿನ ರಸೀದಿ, ತಲುಪಿದ್ದರ ಪುರಾವೆ ಜೋಪಾನ ಮಾಡಿ. ನೋಟೀಸಿನ ಗಡುವು ಮುಗಿದ ಮೇಲೆ ಮುಂದಿನ ತಿಂಗಳ ಬಾಡಿಗೆಯನ್ನು ಸುಮ್ಮನೆ ಜೇಬಿಗೆ ಹಾಕಿಕೊಂಡರೆ, ನೋಟೀಸನ್ನು ನೀವೇ ಬಿಟ್ಟುಕೊಟ್ಟಿರಿ ಎಂಬ ವಾದಕ್ಕೆ ದಾರಿಯಾಗುತ್ತದೆ.

ಗಡುವು ಮುಗಿಯಿತು ಅಂದ ಮಾತ್ರಕ್ಕೆ ಸಾಮಾನು ಬೀದಿಗೆ ಎಸೆಯುವ ಹಕ್ಕು ಯಾವ ಓನರಿಗೂ ಇಲ್ಲ! ಬೀಗ ಬದಲಿಸುವುದು, ನೀರಿನ ವಾಲ್ವು ತಿರುಗಿಸುವುದು, ಫ್ಯೂಸ್ ಕಿತ್ತುಕೊಂಡು ಹೋಗುವುದು, ಬೀದಿಯ ಪುಡಾರಿಗಳನ್ನು ಕರೆತಂದು ಬಾಗಿಲಲ್ಲಿ ನಿಲ್ಲಿಸುವುದು — ಇದೆಲ್ಲ ನಮ್ಮ ಬಡಾವಣೆಗಳಲ್ಲಿ ದಿನಾ ನಡೆಯುವ ರೌಡಿಸಂ. ಮನೆ ಬಿಡಿಸಲು ದಾವೆ ಹೂಡಬೇಕು, ಆದೇಶ ಪಡೆಯಬೇಕು. ಕಾನೂನು ಮೀರಿ ಹೊರಹಾಕಿದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನ ಕೆಳಗೆ ಆರು ತಿಂಗಳೊಳಗೆ ದಾವೆ ಹಾಕಿ ಮತ್ತೆ ಒಳಗೆ ಬರಬಹುದು.

ಬಾಡಿಗೆಗಿರುವವನು ಕನ್ನಡ ಓದಲಾರದವನಾದರೆ? ಅವನಿಗೆ ತಿಳಿಯುವ ಭಾಷೆಯ ಪ್ರತಿಯನ್ನೂ ಜೊತೆಗಿಡಿ. ನಮಗಾದ ಅನ್ಯಾಯವನ್ನು ಇನ್ನೊಬ್ಬನಿಗೆ ಮಾಡುವುದಕ್ಕೆ ನಾವು ಈ ಪತ್ರಿಕೆ ನಡೆಸುತ್ತಿಲ್ಲ. ಆದರೆ ಕನ್ನಡಿಗ ಕನ್ನಡಿಗನಿಗೆ ಕೊಡುವ ನೋಟೀಸು ಕನ್ನಡದಲ್ಲೇ ಇರಲಿ ಎಂದು ನಿಮ್ಮ ವಕೀಲರನ್ನು ಕೇಳಿ. ಫೀಸು ಕೊಡುವವರು ನೀವು! ಓನರ್ ಮಕ್ಕಳೂ ನಿಮ್ಮಲ್ಲಿದ್ದೀರಿ, ಅಪ್ಪನಿಗೆ ಹೇಳಿ.

ಹುಡುಗ ಇನ್ನೊಂದು ತಿಂಗಳು ಕೇಳಿದ, ಕೊಟ್ಟೆ. ಕೊಟ್ಟದ್ದನ್ನೂ ಬರೆದು ಇಬ್ಬರೂ ಸಹಿ ಹಾಕಿದೆವು. ಆ ತಿಂಗಳದ್ದೂ ಸೇರಿ ಬಾಕಿ 43,000. ಅಡ್ವಾನ್ಸಿನ 30,000 ಮುರಿದುಕೊಂಡೆ. 8,000 ಎಣಿಸಿ ಕೊಟ್ಟು, ತನ್ನದೇ ಟೆಂಪೋದಲ್ಲಿ ಸಾಮಾನು ತುಂಬಿಕೊಂಡು ಹೋದ. ಉಳಿದ 5,000 ಪುಸ್ತಕದಲ್ಲಿದೆ, ಈ ಸಲ ಬಾಡಿಗೆ ಪುಟದಲ್ಲೇ. ಹೋದ ವಾರ ಬಂದು ಸಾವಿರ ಕೊಟ್ಟ, ರಸೀದಿ ಕೇಳಿ ಪಡೆದುಕೊಂಡ.